ಬೇಜಾರು ಅಂದರೆ ಯಾವ ಬೇಜಾರು?

ಕನ್ನಡದವರು ದಿನಕ್ಕೆ ಹತ್ತು ಸಲ ಆಡುವ ಮಾತು 'ಬೇಜಾರು'. ಕರೆಂಟು ಹೋದರೆ ಬೇಜಾರು. ಭಾನುವಾರ ಮಧ್ಯಾಹ್ನ ಕೈಯಲ್ಲಿ ಕೆಲಸವಿಲ್ಲದಿದ್ದರೆ ಬೇಜಾರು. ಗೆಳೆಯ ಮಗಳ ಮದುವೆಗೆ ಕರೆಯದಿದ್ದರೆ ಬೇಜಾರು. ಅಜ್ಜಿ ತೀರಿಕೊಂಡರೂ ಬೇಜಾರು. 'ಬೇಜಾರು ಮಾಡ್ಕೋಬೇಡಿ' ಅಂದರೆ ಸಿಟ್ಟಾಗಬೇಡಿ ಅಂತ ಅರ್ಥ. 'ಬದುಕೇ ಬೇಜಾರಾಗಿದೆ' ಅಂತ ಯಾರಾದರೂ ಅಂದರೆ ಕೇಳಿದವರು ಗಾಬರಿಯಾಗಬೇಕು. ಆಗುವುದಿಲ್ಲ. 'ಎಲ್ಲರಿಗೂ ಇದ್ದದ್ದೇ ಬಿಡಿ' ಅನ್ನುತ್ತಾರೆ. ಮಾತು ಅಷ್ಟು ಸವೆದುಹೋಗಿದೆ.

ಕೆಲವು ವರ್ಷಗಳ ಹಿಂದೆ ನಾನು ಮೊದಲ ಸಲ ಥೆರಪಿಗೆ, ಅಂದರೆ ಮನಸ್ಸಿನ ನೋವಿಗೆ ಮಾತಿನ ಚಿಕಿತ್ಸೆಗೆ, ಹೋದಾಗ ಸಿಕ್ಕಿಹಾಕಿಕೊಂಡದ್ದೂ ಇದೇ ಮಾತಿನಲ್ಲಿ. ಬೆಂಗಳೂರಿನ ಒಂದು ಹಳೇ ಬಡಾವಣೆ, ಮೊದಲ ಮಹಡಿಯಲ್ಲಿ ಚಿಕ್ಕ ಕೋಣೆ, ಎರಡು ಬೆತ್ತದ ಕುರ್ಚಿ, ಮಧ್ಯದ ಸ್ಟೂಲಿನ ಮೇಲೆ ಟಿಶ್ಯೂ ಡಬ್ಬ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ ಅಂತ ಹೇಳಿದೆ. 'ಆಗ ಒಳಗೆ ಏನಾಗ್ತಿರುತ್ತೆ?' ಅಂತ ಎದುರು ಕೂತಿದ್ದ ಥೆರಪಿಸ್ಟ್ ಕೇಳಿದರು. 'ಬೇಜಾರು' ಅಂದೆ. 'ಯಾವ ಬೇಜಾರು?' ಅಂದರು. ಬೇಜಾರಿನಲ್ಲಿ ಎಷ್ಟು ಬಗೆ ಇರುತ್ತೆ ಅಂತ ಒಳಗೊಳಗೇ ರೇಗಿತು. 'ದುಃಖದ್ದಾ, ಸಿಟ್ಟಿನದ್ದಾ, ಸುಸ್ತಿನದ್ದಾ? ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?' ಮುಕ್ಕಾಲು ಗಂಟೆ ಇದರಲ್ಲೇ ಕಳೆಯಿತು. ಮೆಟ್ಟಿಲಿಳಿಯುವಾಗ ದುಡ್ಡು ದಂಡವಾಯಿತು ಅನ್ನಿಸಿದ್ದು ನಿಜ.

ವಾಪಸ್ ಬರುವ ಬಸ್ಸಿನಲ್ಲಿ, ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದಾಗ, ಇದ್ದಕ್ಕಿದ್ದಂತೆ ಹೊಳೆಯಿತು. ಅದು ಅವಮಾನದ ಬೇಜಾರು. ಎರಡು ತಿಂಗಳ ಹಿಂದೆ ಅತ್ತೆ ಮನೆಯ ಗೃಹಪ್ರವೇಶದಲ್ಲಿ, ಇಪ್ಪತ್ತು ಜನರ ಮುಂದೆ, ಅಪ್ಪ 'ನಿಂಗೇನು ಗೊತ್ತು, ಸುಮ್ನಿರು' ಅಂದಿದ್ದರು. ನಾನು ನಕ್ಕು, ಪಾಯಸ ಬಡಿಸಲು ಹೋಗಿದ್ದೆ. ಮರೆತೂ ಬಿಟ್ಟಿದ್ದೆ. ಮರೆತಿದ್ದೇನೆ ಅಂದುಕೊಂಡಿದ್ದೆ.

ತನ್ನನ್ನು ತಾನು ಅರಿಯುವುದು ಒಬ್ಬರೇ ಕಣ್ಣು ಮುಚ್ಚಿ ಕೂತು ಮಾಡುವ ಕೆಲಸ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಈಗ ನನಗೆ ಅನುಮಾನ. ಥೆರಪಿಯಾಗಲಿ, ತತ್ವಚಿಂತನೆಯಾಗಲಿ, ಶುರುವಾದದ್ದು ಇಬ್ಬರ ನಡುವಿನ ಮಾತಾಗಿ. ಇವತ್ತು ಎರಡರಿಂದಲೂ ನಾವು ಆ ಇನ್ನೊಬ್ಬರನ್ನು ಕಿತ್ತು ಹಾಕಿದ್ದೇವೆ. ಉಳಿದಿರುವುದು ಬರೀ ಉತ್ತರಗಳು. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಒಂದು ತತ್ವ ಬರುತ್ತದೆ: ಎಲ್ಲವೂ ನಶ್ವರ, ನಿರೀಕ್ಷೆಯೇ ದುಃಖಕ್ಕೆ ಮೂಲ. ಸಂಜೆ ರೀಲ್ಸ್ ತೆರೆದರೆ ಇನ್ನೊಂದು ಬಗೆಯ ಉತ್ತರ: ನಿಮ್ಮ ಬಾಸ್ ನಾರ್ಸಿಸಿಸ್ಟ್, ನಿಮ್ಮ ಮನೆ ಟಾಕ್ಸಿಕ್, ನಿಮ್ಮದು ಚೈಲ್ಡ್‌ಹುಡ್ ಟ್ರಾಮಾ. ಒಂದು ನೋವನ್ನು ದೊಡ್ಡ ಮಾತಿನಿಂದ ಮುಚ್ಚುತ್ತದೆ. ಇನ್ನೊಂದು ನೋವಿಗೆ ಹೆಸರಿನ ಚೀಟಿ ಅಂಟಿಸಿ ಕಪಾಟಿಗೆ ಇಡುತ್ತದೆ. 'ಯಾವ ಬೇಜಾರು?' ಅಂತ ಎರಡೂ ಕೇಳುವುದಿಲ್ಲ.

ಗುಲಾಮನ ಮಾತು, ನಾಚಿಕೆಯ ಹುಡುಗ

ಥೆರಪಿ ಪಶ್ಚಿಮದ್ದು, ತತ್ವ ನಮ್ಮದು ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದು ಅರ್ಧಸತ್ಯವೂ ಅಲ್ಲ. ಇವತ್ತು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಥೆರಪಿಗಳಲ್ಲೊಂದಾದ ಸಿಬಿಟಿಯ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ) ಬೇರು ಇರುವುದೇ ತತ್ವಶಾಸ್ತ್ರದಲ್ಲಿ. ಸುಮಾರು 1900 ವರ್ಷಗಳ ಹಿಂದೆ ಎಪಿಕ್ಟೆಟಸ್ ಎಂಬ ತತ್ವಜ್ಞಾನಿಯಿದ್ದ. ಹುಟ್ಟಿದ್ದು ಗುಲಾಮನಾಗಿ. ಕಾಲು ಕುಂಟು. ನಮ್ಮನ್ನು ಕಂಗೆಡಿಸುವುದು ಘಟನೆಗಳಲ್ಲ, ಅವುಗಳ ಬಗ್ಗೆ ನಾವು ಮಾಡಿಕೊಳ್ಳುವ ತೀರ್ಮಾನ ಅಂತ ಅವನು ಕಲಿಸುತ್ತಿದ್ದ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1955ರ ಸುಮಾರಿಗೆ, ಒಳಗೆ ಅಡಗಿದ ಆಸೆ, ಅಳುಕು ಕೆದಕುವ ಫ್ರಾಯ್ಡ್ ದಾರಿ ಬಿಟ್ಟು ತನ್ನದೇ ಪದ್ಧತಿ ಕಟ್ಟಿದಾಗ ಊರುಗೋಲಾದದ್ದು ಈ ಮಾತು.

ಎಲ್ಲಿಸ್‌ಗೆ ಅದು ಬರೀ ಓದಿದ ಮಾತಾಗಿರಲಿಲ್ಲ. 19ರ ವಯಸ್ಸಿನಲ್ಲಿ ಅವನಿಗೆ ಹೆಣ್ಣುಮಕ್ಕಳ ಜೊತೆ ಮಾತಾಡಲು ವಿಪರೀತ ನಾಚಿಕೆ. ಅದಕ್ಕೆ ತಾನೇ ಒಂದು ಮದ್ದು ಮಾಡಿಕೊಂಡ. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ದಿನಾ ಹೋಗುವುದು, ಬೆಂಚಿನ ಮೇಲೆ ಒಬ್ಬಳೇ ಕೂತ ಯುವತಿ ಕಂಡರೆ ಪಕ್ಕದಲ್ಲಿ ಕೂತು ಮಾತಾಡಿಸುವುದು. ಒಂದು ತಿಂಗಳಲ್ಲಿ ನೂರು ಜನರನ್ನು ಮಾತಾಡಿಸಿದನಂತೆ. ಒಬ್ಬಳು ಮಾತ್ರ ಮತ್ತೆ ಭೇಟಿಯಾಗಲು ಒಪ್ಪಿದಳು. ಅವಳೂ ಬರಲಿಲ್ಲ. ಆದರೆ ಯಾರೂ ಚೀರಲಿಲ್ಲ, ಪೊಲೀಸರನ್ನು ಕರೆಯಲಿಲ್ಲ, ಆಕಾಶ ಬೀಳಲಿಲ್ಲ. ಭಯ ಹೋಯಿತು ಅಂತ ಎಲ್ಲಿಸ್ ಬದುಕಿಡೀ ಈ ಕಥೆ ಹೇಳುತ್ತಿದ್ದರು. ಇವತ್ತು ಲಾಲ್‌ಬಾಗಿನಲ್ಲಿ ಯಾರಾದರೂ ಇದನ್ನು ಮಾಡಿದರೆ ಪೊಲೀಸರು ಬರುವುದು ಖಂಡಿತ, ದಯವಿಟ್ಟು ಬೇಡ. ಆದರೆ ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ತತ್ವ ಓದಿ ಅವನ ನಾಚಿಕೆ ಹೋಗಲಿಲ್ಲ. ತತ್ವವನ್ನು ಬೆಂಚಿನ ಮೇಲೆ ಕೂರಿಸಿ ನೋಡಿದ ಮೇಲೆ ಹೋಯಿತು.

ಸಿಬಿಟಿಗೆ ತಳಹದಿ ಹಾಕಿದ ಆರನ್ ಬೆಕ್ ಕಥೆ ಇನ್ನೂ ಚೆನ್ನಾಗಿದೆ. ಅವರೂ ಮೊದಲು ಫ್ರಾಯ್ಡ್ ಪರಂಪರೆಯ ವೈದ್ಯರೇ. ಫಿಲಡೆಲ್ಫಿಯಾದಲ್ಲಿ ಒಬ್ಬ ರೋಗಿ ಮಂಚದ ಮೇಲೆ ಮಲಗಿ ತನ್ನ ಪ್ರಣಯದ ಕಥೆಗಳನ್ನು ಒಂದಾದ ಮೇಲೊಂದು ಹೇಳುತ್ತಿದ್ದಳು. ಆತಂಕದಲ್ಲಿದ್ದಳು. ಆ ವಿಷಯದ ಬಗ್ಗೆ ಅವಳಿಗೆ ಒಳಗೆ ಅಳುಕಿದೆ, ಅದಕ್ಕೇ ಆತಂಕ ಅಂತ ಶಾಸ್ತ್ರದ ಪ್ರಕಾರ ಬೆಕ್ ಊಹಿಸಿದರು. ಕೇಳಿದಾಗ ಬಂದ ಉತ್ತರವೇ ಬೇರೆ. 'ನನ್ನ ಕಥೆ ಕೇಳಿ ನಿಮಗೆ ಬೋರ್ ಆಗುತ್ತಿದೆಯೇನೋ ಅನ್ನಿಸುತ್ತಿತ್ತು' ಅನ್ನುವ ಅರ್ಥದ ಮಾತು ಹೇಳಿದಳು. ಬಾಯಲ್ಲಿ ಆಡುವ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ಸದ್ದಿಲ್ಲದೆ ಓಡುತ್ತಿರುತ್ತದೆ ಅಂತ ಬೆಕ್‌ಗೆ ಹೊಳೆಯಿತು. 1960ರ ದಶಕದಲ್ಲಿ ಅವರು ಕಟ್ಟಿದ ಚಿಕಿತ್ಸೆ ನಿಂತಿರುವುದು ಆ ಅಡಿಮಾತಿನ ಮೇಲೆ. 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ತೀರಿಕೊಂಡರು.

ಕೆಲಸ ಹೇಗೆ ನಡೆಯುತ್ತದೆ ಅಂದರೆ ಹೀಗೆ. ಮ್ಯಾನೇಜರ್ ರಾತ್ರಿ ಒಂಬತ್ತಕ್ಕೆ 'ನಾಳೆ ಮಾತಾಡೋಣ' ಅಂತ ಮೆಸೇಜ್ ಹಾಕುತ್ತಾರೆ. ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯಬೇಕು. ಏನಾಯಿತು: ಮೆಸೇಜ್ ಬಂತು. ತಕ್ಷಣ ತಲೆಗೆ ಬಂದದ್ದು: ಕೆಲಸ ಹೋಯಿತು. ಭಯ ಎಷ್ಟು: ನೂರಕ್ಕೆ 80. ಇದಕ್ಕೆ ಪುರಾವೆ ಏನು? ಇದರ ವಿರುದ್ಧ ಪುರಾವೆ ಏನು? ಹೋದ ತಿಂಗಳೂ ಇದೇ ಮೆಸೇಜ್ ಬಂದಿತ್ತು, ಆಗ ಅವರು ಕೇಳಿದ್ದು ರಜೆ ಪಟ್ಟಿ. ಈಗ ಭಯ ಎಷ್ಟು: 35. ಸೊನ್ನೆ ಅಲ್ಲ. ಇದು ಸಾಕ್ರಟೀಸ್ ಅಥೆನ್ಸಿನ ಬೀದಿಯಲ್ಲಿ ಮಾಡುತ್ತಿದ್ದ ಕೆಲಸವೇ. ನಿನಗೆ ಹೇಗೆ ಗೊತ್ತು ಅಂತ ಬಿಡದೆ ಕೇಳುವುದು. ಈ ಬಗೆಯ ಪ್ರಶ್ನೆಗೆ ಥೆರಪಿಯ ಪಾಠದಲ್ಲೂ ಅವನದೇ ಹೆಸರು.

ಆದರೆ ಎಲ್ಲ ನೋವೂ ತಪ್ಪು ಲೆಕ್ಕದಿಂದ ಬರುವುದಿಲ್ಲ, ಅಲ್ವಾ? ಮಗು ಸತ್ತವರಿಗೆ, ಕ್ಯಾನ್ಸರ್ ಬಂದವರಿಗೆ ಪುರಾವೆ ಏನು ಅಂತ ಕೇಳಿದರೆ ಅದು ಕ್ರೌರ್ಯ. ಇಲ್ಲಿ ಬೇರೆ ತತ್ವ ಬೇಕು. ನಾಜಿ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಬಳಿಗೆ ಒಬ್ಬ ವಯಸ್ಸಾದ ವೈದ್ಯರು ಬಂದಿದ್ದರು. ಹೆಂಡತಿ ತೀರಿಕೊಂಡು ಎರಡು ವರ್ಷ, ದುಃಖ ಒಂದು ಚೂರೂ ಇಳಿದಿರಲಿಲ್ಲ. ಫ್ರಾಂಕಲ್ ಸಮಾಧಾನ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದರು. ನೀವೇ ಮೊದಲು ಹೋಗಿ ಆಕೆ ಉಳಿದಿದ್ದರೆ ಏನಾಗುತ್ತಿತ್ತು? ಅಯ್ಯೋ, ಅವಳಿಗೆ ತಡೆಯಲು ಆಗುತ್ತಿರಲಿಲ್ಲ ಅಂದರು ವೈದ್ಯರು. ಹಾಗಾದರೆ ಆ ಸಂಕಟ ಆಕೆಗೆ ತಪ್ಪಿತು, ಅದರ ಬೆಲೆಯನ್ನು ನೀವು ಬದುಕಿ ತೆರುತ್ತಿದ್ದೀರಿ ಅಂತ ಫ್ರಾಂಕಲ್ ಹೇಳಿದರು. ವೈದ್ಯರು ಮಾತಾಡದೆ ಕೈ ಕುಲುಕಿ ಹೊರಟರು.

ಇದೇ ಮಾತನ್ನು ತಿಥಿಯ ದಿನ ಯಾರಾದರೂ ನೆಂಟರು, ಎಲೆ ಮುಂದೆ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದ್ದರೆ? ಎದ್ದು ಹೋಗೋಣ ಅನ್ನಿಸುತ್ತಿತ್ತು. ಮಾತು ಅದೇ. ಫ್ರಾಂಕಲ್ ಕೋಣೆಯಲ್ಲಿ ಅದು ಪ್ರಶ್ನೆಯಾಗಿ ಬಂತು, ಆ ಮನುಷ್ಯನನ್ನು ಕೇಳಿಸಿಕೊಂಡ ಮೇಲೆ ಬಂತು, ಉತ್ತರ ಅವರ ಬಾಯಿಂದಲೇ ಬಂತು.

ಕಾಲುಚೀಲದ ಪ್ರಯೋಗ

'ಬೇರೆಯವರು ಯಾಕೆ? ನನ್ನ ಮನಸ್ಸು ನನಗೆ ಗೊತ್ತಿಲ್ವಾ?' ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ಒಂದು ಅಂಗಡಿಯಲ್ಲಿ ಸಿಗುತ್ತದೆ. ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಅಂಗಡಿಯೊಂದರ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಇಟ್ಟರು. ಯಾವುದು ಒಳ್ಳೇದು, ಆರಿಸಿ ಅಂತ ಬಂದವರನ್ನು ಕೇಳಿದರು. ಜನ ಮುಟ್ಟಿ ನೋಡಿದರು, ಎಳೆದು ನೋಡಿದರು, ಆರಿಸಿದರು. ಯಾಕೆ ಅಂತ ಕೇಳಿದರೆ ಕಾರಣವನ್ನೂ ಕೊಟ್ಟರು. ನಾಲ್ಕೂ ಜೊತೆ ಒಂದೇ ಬಗೆಯವು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹೆಚ್ಚು ಜನ ಆರಿಸಿದ್ದು ಬಲತುದಿಯಲ್ಲಿದ್ದ ಜೊತೆ. ಎಡತುದಿಗೆ ಹೋಲಿಸಿದರೆ ಸುಮಾರು ನಾಲ್ಕು ಪಟ್ಟು. ಜಾಗದಿಂದಾಗಿ ಆರಿಸಿದಿರಾ ಅಂತ ಕೇಳಿದರೆ ಬಹುತೇಕ ಎಲ್ಲರೂ ಇಲ್ಲವೇ ಇಲ್ಲ ಅಂದರು. ಕೇಳಿದವರಿಗೆ ತಲೆ ಸರಿಯಿದೆಯಾ ಅನ್ನುವಂತೆ ನೋಡಿದರಂತೆ. ಇದು ಅಚ್ಚಾದದ್ದು 1977ರಲ್ಲಿ.

ಯಾರೂ ಸುಳ್ಳು ಹೇಳುತ್ತಿರಲಿಲ್ಲ ಅನ್ನುವುದು ಮುಖ್ಯ. ನಾವು ಮಾಡಿದ್ದಕ್ಕೆ ಕಾರಣವನ್ನು ಒಳಗಿನಿಂದ ನೋಡಿ ಹೇಳುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಲ್ಲೇ ನಿಂತು, ಕೇಳುವವರಿಗೆ ಒಪ್ಪುವಂಥ ಒಂದು ಕಾರಣ ಹೊಲಿದು ಕೊಡುತ್ತೇವೆ. ಕಾಲುಚೀಲದಲ್ಲೇ ಹೀಗಾದರೆ, 'ಆ ಕೆಲಸ ಯಾಕೆ ಬಿಟ್ಟೆ', 'ಇವನನ್ನು ಯಾಕೆ ಮದುವೆಯಾದೆ', 'ಅಣ್ಣನ ಜೊತೆ ಯಾಕೆ ಮಾತು ಬಿಟ್ಟೆ' ಅನ್ನುವುದಕ್ಕೆ ನಾವು ಕೊಡುವ ಉತ್ತರಗಳ ಗತಿ ಏನು?

ಒಬ್ಬರೇ ಕೂತು ಯೋಚಿಸುವುದಕ್ಕೆ ಇನ್ನೊಂದು ಅಪಾಯವಿದೆ. ಅದು ಯೋಚನೆಯಾಗಿ ಉಳಿಯುವುದಿಲ್ಲ, ಕೊರಗಾಗುತ್ತದೆ. ನನಗೇ ಯಾಕೆ ಹೀಗೆ, ನಾನ್ಯಾಕೆ ಹೀಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಬ್ಬ ಮನುಷ್ಯ, ಒಂದು ಕಿಟಕಿ, ಆರಿದ ಕಾಫಿ. ಸುಸಾನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ವೃತ್ತಿ ಬದುಕಿನ ದೊಡ್ಡ ಪಾಲನ್ನು ಈ ಕೊರಗಿನ ಅಧ್ಯಯನಕ್ಕೆ ಕೊಟ್ಟರು. 1989ರ ಅಕ್ಟೋಬರ್‌ನಲ್ಲಿ ಅವರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಕೊಟ್ಟಿದ್ದರು. ಮನಸ್ಸು ಕುಗ್ಗಿದಾಗ ಏನು ಮಾಡುತ್ತೀರಿ ಅಂತ. ಎರಡು ವಾರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ದೊಡ್ಡ ಭೂಕಂಪವಾಯಿತು. ಅದೇ ವಿದ್ಯಾರ್ಥಿಗಳನ್ನು ಹತ್ತು ದಿನದ ಮೇಲೆ ಒಮ್ಮೆ, ಏಳು ವಾರದ ಮೇಲೆ ಒಮ್ಮೆ ಮತ್ತೆ ಮಾತಾಡಿಸಿದರು. ಮೊದಲಿಂದಲೂ ಒಳಗೊಳಗೇ ಸುತ್ತುವ ಅಭ್ಯಾಸವಿದ್ದವರು ಏಳು ವಾರ ಕಳೆದರೂ ಜಾಸ್ತಿ ಕುಗ್ಗಿದ್ದರು.

ಹಾಗಾಗಿ 'ಒಳಗೆ ನೋಡಿಕೋ' ಅನ್ನುವ ಸಲಹೆ ಎಲ್ಲರಿಗೂ ಎಲ್ಲ ಹೊತ್ತಿಗೂ ಒಳ್ಳೆಯದಲ್ಲ. ಧ್ಯಾನದ ಶಿಬಿರಕ್ಕೆ ಹೋಗಿ ಇನ್ನಷ್ಟು ಕಂಗೆಟ್ಟು ಬಂದವರನ್ನು ನಾನು ನೋಡಿದ್ದೇನೆ. ಗಂಟೆಗಟ್ಟಲೆ ಮೌನದಲ್ಲಿ ಕೂತಾಗ ಅವರಿಗೆ ಒಳಗೆ ಸಿಕ್ಕಿದ್ದು ಶಾಂತಿಯಲ್ಲ, ಅದೇ ಹಳೇ ಗಾಣ.

ಬರೆಯುವುದು ಇದಕ್ಕೆ ಸ್ವಲ್ಪ ವಾಸಿ. ಕಾಗದ ಅರ್ಧ ಮನುಷ್ಯನ ಕೆಲಸ ಮಾಡುತ್ತದೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ದೊಡ್ಡ ಆಘಾತದ ಬಗ್ಗೆ ಬರೆಯಲು ಹೇಳಿದರು. ಬರೆದ ದಿನ ಮನಸ್ಸು ಕೆಟ್ಟಿತು. ಮುಂದಿನ ತಿಂಗಳುಗಳಲ್ಲಿ ಘಟನೆಯ ಜೊತೆ ತಮ್ಮ ಭಾವನೆಯನ್ನೂ ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ. ತಲೆಯಲ್ಲಿ ಸುತ್ತುವ ಮಾತಿಗೆ ಕೊನೆಯಿಲ್ಲ. ಬರೆದ ವಾಕ್ಯಕ್ಕೆ ಚುಕ್ಕಿ ಇಡಲೇಬೇಕು.

ಕೃಷ್ಣನ ಮೊದಲ ಮಾತು ಕೆಲಸ ಮಾಡಲಿಲ್ಲ

ಇನ್ನು ನಮ್ಮ ಕಡೆಗೆ ಬರೋಣ. ಖಿನ್ನತೆ ಅಂದ ಕೂಡಲೇ 'ಗೀತೆ ಓದು' ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಸರಿ, ಓದೋಣ. ಮೊದಲ ಅಧ್ಯಾಯದಲ್ಲೇ ಅರ್ಜುನನ ಸ್ಥಿತಿ ಒಬ್ಬ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದಂತಿದೆ. ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲು ಆಗುತ್ತಿಲ್ಲ, ತಲೆ ಸುತ್ತಿದಂತಿದೆ, ಬಿಲ್ಲು ಕೈಯಿಂದ ಜಾರುತ್ತಿದೆ. ಎರಡನೇ ಅಧ್ಯಾಯದ ಶುರುವಿನಲ್ಲಿ ಕೃಷ್ಣ ಬೈಯುತ್ತಾನೆ. ಹೇಡಿಯಾಗಬೇಡ, ಇದು ನಿನಗೆ ತಕ್ಕದ್ದಲ್ಲ, ಈ ದೌರ್ಬಲ್ಯ ಬಿಟ್ಟು ಏಳು.

ಮನೆಗಳಲ್ಲಿ ನಾವು ಹೇಳುವುದು ಇಷ್ಟೇ. 'ಗಂಡಸಾಗಿ ಹೀಗೆ ಕೂತರೆ ಹೇಗೆ, ಏಳು.' ಗೀತೆಯಲ್ಲಿ ಮುಂದೆ ಏನಾಗುತ್ತದೆ ಅನ್ನುವುದನ್ನು ಯಾರೂ ಗಮನಿಸುವುದಿಲ್ಲ. ಅರ್ಜುನ ಏಳುವುದಿಲ್ಲ! ನಾನು ಯುದ್ಧ ಮಾಡುವುದಿಲ್ಲ ಅಂತ ಹೇಳಿ ಸುಮ್ಮನಾಗುತ್ತಾನೆ. ಬೈಗುಳ ಸೋತಿತು. ಅಲ್ಲಿಂದ ಮುಂದೆ ನಡೆಯುವುದು ಬೇರೆಯದೇ ಮಾತುಕತೆ. ಅರ್ಜುನ ಅಡ್ಡ ಪ್ರಶ್ನೆ ಹಾಕುತ್ತಾನೆ, ಗೊಂದಲ ಮಾಡಬೇಡ, ಒಂದನ್ನು ಸರಿಯಾಗಿ ಹೇಳು ಅಂತ ದಬಾಯಿಸುತ್ತಾನೆ, ಮನಸ್ಸು ಗಾಳಿಯಂತೆ, ಹಿಡಿಯಲು ಆಗುವುದಿಲ್ಲ ಅಂತ ದೂರುತ್ತಾನೆ. ಕೃಷ್ಣ ಮತ್ತೆ ಮತ್ತೆ ಬೇರೆ ದಾರಿಯಿಂದ ಬರುತ್ತಾನೆ. ಹದಿನೆಂಟನೇ ಅಧ್ಯಾಯದಲ್ಲಿ ಇದನ್ನೆಲ್ಲ ಪೂರ್ತಿ ಯೋಚಿಸಿ ನಿನಗೆ ಹೇಗೆ ಬೇಕೋ ಹಾಗೆ ಮಾಡು ಅನ್ನುತ್ತಾನೆ. ಆಮೇಲೂ ಬಿಡದೆ, ಮನಸ್ಸಿಟ್ಟು ಕೇಳಿದೆಯಾ, ಗೊಂದಲ ಹೋಯಿತಾ ಅಂತ ವಿಚಾರಿಸುತ್ತಾನೆ. ಧರ್ಮದ ದೃಷ್ಟಿ ಪಕ್ಕಕ್ಕಿಟ್ಟು ನೋಡಿದರೂ ಇದು ಕೌನ್ಸೆಲಿಂಗ್ ಅಂದರೇನು ಅಂತ ಕಲಿಸಬಲ್ಲ ಪಠ್ಯ. ನಾವು ಅದರಲ್ಲಿ ಸೋತ ಭಾಗವನ್ನು ಮಾತ್ರ ಆರಿಸಿಕೊಂಡಿದ್ದೇವೆ.

ಹನ್ನೆರಡನೇ ಶತಮಾನದ ಶರಣರೂ ಇದನ್ನು ಗೋಷ್ಠಿಯಲ್ಲೇ ಮಾಡಿದ್ದು. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಸ್ವಾಗತದ ಮಾತಾಡಲಿಲ್ಲ, ಕಟುವಾದ ಪ್ರಶ್ನೆ ಕೇಳಿದ ಅಂತಲೇ ಪರಂಪರೆ ಹೇಳುತ್ತದೆ.

ಹಾಗಂತ ಥೆರಪಿಸ್ಟನ್ನು ಗುರು ಮಾಡಿಕೊಳ್ಳುವುದೂ ತಪ್ಪು. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ 1970ರ ದಶಕದಲ್ಲಿ, ಭಾರತದಲ್ಲಿ ಥೆರಪಿಗೆ ಗುರು-ಚೇಲಾ ಸಂಬಂಧ ಮಾದರಿಯಾಗಬಹುದು ಅಂತ ವಾದಿಸಿದ್ದರು. ಅದರಲ್ಲಿ ತೂಕವಿದೆ. ನಮ್ಮ ಜನ ಸಲಹೆ ಬಯಸುತ್ತಾರೆ, 'ನೀವೇ ಹೇಳಿ ಡಾಕ್ಟ್ರೇ' ಅನ್ನುತ್ತಾರೆ. ಆದರೂ ನನಗೆ ಅಳುಕು. ಗುರು ಹೇಗೆ ಬದುಕಬೇಕು ಅಂತ ಹೇಳುತ್ತಾನೆ, ಶಿಷ್ಯ ಬಿಟ್ಟು ಹೋಗುವುದನ್ನು ಬಹಳ ಗುರುಗಳು ಸಹಿಸುವುದಿಲ್ಲ. ಒಳ್ಳೆಯ ಥೆರಪಿಸ್ಟ್ ಮೊದಲ ದಿನದಿಂದಲೇ ನೀವು ಒಂದು ದಿನ ಬರುವುದನ್ನು ನಿಲ್ಲಿಸಲಿ ಅಂತ ಕೆಲಸ ಮಾಡುತ್ತಾರೆ. ಯಾವ ಖಾಯಿಲೆಯೂ ಇಲ್ಲ, ಆದರೆ ಬದುಕಿನ ಬಗ್ಗೆ ಯಾರ ಜೊತೆಗಾದರೂ ಗಂಭೀರವಾಗಿ ಮಾತಾಡಬೇಕು ಅನ್ನುವವರಿಗೆ ಜರ್ಮನಿಯಲ್ಲಿ ಗೆರ್ಡ್ ಆಖೆನ್‌ಬಾಖ್ 1981ರಲ್ಲಿ ತತ್ವಜ್ಞಾನಿಯ ಕ್ಲಿನಿಕ್ಕನ್ನೇ ತೆರೆದರು. ನಮ್ಮಲ್ಲಿ ಆ ಕೆಲಸವನ್ನು ಹಿಂದೆ ಊರಿನ ಹಿರಿಯ ಮೇಷ್ಟ್ರು ಪುಕ್ಕಟೆ ಮಾಡುತ್ತಿದ್ದರು.

ಯಾವ ಭಾಷೆಯಲ್ಲಿ ಅಳುವುದು

ಮನಶ್ಶಾಸ್ತ್ರ ಕನ್ನಡಕ್ಕೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದವರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂದದ್ದು. ಜನರ ಮನಸ್ಸು ಓದುವ ಮೇಷ್ಟ್ರಿಗೆ ಜನರ ಕಿವಿಯ ಚಿಂತೆಯೂ ಇತ್ತು ಅನ್ನುವುದು ನನಗೆ ಇಷ್ಟ. 'ಕೊರವಂಜಿ' ಹಾಸ್ಯ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಮನಸ್ಸಿನ ಕುರಿತ ಕನ್ನಡ ಪುಸ್ತಕಕ್ಕೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಈ ವಿಷಯವನ್ನು ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಬರೆದಿದ್ದಾರೆ.

ಇಷ್ಟಿದ್ದೂ ಬೆಂಗಳೂರಿನಲ್ಲಿ ಥೆರಪಿ ಇವತ್ತು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡದವರಿಬ್ಬರು ಎದುರುಬದುರು ಕೂತಾಗಲೂ. ನಾನೂ ಹಾಗೇ ಶುರು ಮಾಡಿದ್ದೆ. ಎರಡನೇ ವಾರ ಅಪ್ಪನ ವಿಷಯ ಹೇಳುವಾಗ 'ಮೈ ಫಾದರ್ ವಾಸ್ ಡಿಸ್‌ಮಿಸಿವ್' ಅಂದೆ. ಚೆನ್ನಾಗಿತ್ತು, ಇಸ್ತ್ರಿ ಮಾಡಿದ ಶರ್ಟಿನ ಹಾಗೆ. ಅವರು ಕೇಳಿದರು: 'ಅಪ್ಪ ಏನಂದ್ರು? ಅವರು ಹೇಳಿದ ಹಾಗೇ ಹೇಳಿ.' 'ನಿಂಗೇನು ಗೊತ್ತು, ಸುಮ್ನಿರು' ಅನ್ನಲು ಹೋದೆ. 'ಸುಮ್ನಿರು' ಹೊರಗೆ ಬರಲೇ ಇಲ್ಲ. ಗಂಟಲು ಕಟ್ಟಿತು. ಟಿಶ್ಯೂ ಡಬ್ಬ ಅಲ್ಲಿ ಯಾಕಿದೆ ಅಂತ ಆಗ ಗೊತ್ತಾಯಿತು.

ಇದು ನನ್ನೊಬ್ಬನ ಹುಚ್ಚಲ್ಲ. ಬಾಸ್ಟನ್‌ನಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ತುರ್ಕಿ ತಾಯ್ನುಡಿಯ, ಇಂಗ್ಲಿಷೂ ಬಲ್ಲ ಜನರ ಬೆರಳಿಗೆ ಬೆವರಿನ ಬದಲಾವಣೆ ಅಳೆಯುವ ಯಂತ್ರ ಕಟ್ಟಿ, ಎರಡೂ ಭಾಷೆಯ ಮಾತುಗಳನ್ನು ತೋರಿಸಿ, ಕೇಳಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎದ್ದು ಕಂಡದ್ದು ಚಿಕ್ಕ ಮಕ್ಕಳಿಗೆ ಹಾಕುವ ಗದರಿಕೆಗಳು. 'ನಾಚಿಕೆ ಆಗಲ್ವಾ ನಿಂಗೆ' ಅನ್ನುವಂಥವು. ತಾಯ್ನುಡಿಯಲ್ಲಿ ಗದರಿಸಿದಾಗ ಮೈ ಸ್ಪಂದಿಸಿದ್ದು ಜಾಸ್ತಿ. ಇಂಗ್ಲಿಷಿನಲ್ಲಿ ಅದೇ ಗದರಿಕೆ ತಣ್ಣಗಿತ್ತು. ಆ ತಣ್ಣಗಿರುವಿಕೆ ಒಮ್ಮೊಮ್ಮೆ ಅನುಕೂಲವೇ. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಸಿಕ್ಕವರಿಗೆ ಕನ್ನಡದಲ್ಲಿ ಹೇಳಲಾಗದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಸಾಧ್ಯವಾಗಬಹುದು. ಆದರೆ ಪೂರ್ತಿ ಥೆರಪಿ ಆ ದೂರದಲ್ಲೇ ಮುಗಿದರೆ, ನಮ್ಮ ಬಗ್ಗೆ ಒಂದು ಒಳ್ಳೆಯ ವರದಿ ಸಿಗುತ್ತದೆ, ಅಷ್ಟೇ.

ಕನ್ನಡದಲ್ಲಿ ಭಾವನೆಗೆ ಪದವಿಲ್ಲ ಅನ್ನುವವರಿಗೆ ಹೇಳುತ್ತೇನೆ. ಹೊಟ್ಟೆ ಉರಿ, ಎದೆ ಭಾರ, ಜೀವ ಹಿಂಡಿದಂತೆ, ಕರುಳು ಕಿವುಚಿದಂತೆ, ಕೈಕಾಲು ಬಿದ್ದುಹೋದಂತೆ, ಮುಖ ಇಟ್ಟುಕೊಳ್ಳಲು ಜಾಗವಿಲ್ಲದಂತೆ. ನೋವು ಮೈಯಲ್ಲಿ ಎಲ್ಲಿದೆ ಅನ್ನುವುದರ ನಕ್ಷೆಯೇ ಇದೆ ನಮ್ಮ ಮಾತಿನಲ್ಲಿ. 'ಬೇಜಾರು' ಅನ್ನುವುದು ಆ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಳ್ಳುವ ಅನುಕೂಲ.

ಯಾರ ಬಳಿ, ಯಾವಾಗ

ಬೋರ್ಡುಗಳಲ್ಲಿ ಗೊಂದಲವಿದೆ, ಅದಕ್ಕೆ ನಾಲ್ಕು ಮಾತು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಓದಿದ ಮೇಲೆ ಮನೋವೈದ್ಯಕೀಯ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಪರೀಕ್ಷೆ ಮತ್ತು ಥೆರಪಿ ಮಾಡುತ್ತಾರೆ. ಅವರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಆ ನಂಬರು ಕೇಳಲು ಸಂಕೋಚ ಬೇಡ. ಇನ್ನು ಕೌನ್ಸೆಲರ್. ಇವರಲ್ಲಿ ಚೆನ್ನಾಗಿ ಓದಿದವರೂ ಇದ್ದಾರೆ, ವಾರಾಂತ್ಯದ ಕೋರ್ಸು ಮಾಡಿ ಬೋರ್ಡು ಹಾಕಿದವರೂ ಇದ್ದಾರೆ. ಈ ಬಗೆಯ ವೃತ್ತಿಗಳಿಗೆ ಒಂದು ಚೌಕಟ್ಟು ತರಲು 2021ರಲ್ಲಿ ಕಾಯ್ದೆ ಬಂದಿದೆ, ಜಾರಿ ನಿಧಾನ. ಮೊದಲ ಭೇಟಿಯಲ್ಲೇ 'ನಿಮ್ಮ ಸಮಸ್ಯೆ ಏನು ಅಂತ ಗೊತ್ತಾಯ್ತು' ಅನ್ನುವವರಿಂದ ದೂರ ಇರಿ ಅನ್ನುವುದು ನನ್ನ ಸ್ವಂತ ಸಲಹೆ.

ನಿದ್ದೆ, ಊಟ, ಕೆಲಸ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಯಾರೂ ಇಲ್ಲದಾಗ ದನಿಗಳು ಕೇಳುತ್ತಿದ್ದರೆ ಅದು ತತ್ವದ ಹೊತ್ತಲ್ಲ. ಡಾಕ್ಟರ ಹತ್ತಿರ ಹೋಗಬೇಕು, ಮಾತ್ರೆ ಬೇಕಾದರೆ ತೆಗೆದುಕೊಳ್ಳಬೇಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ಸಿಗದೆ ಉಳಿದವರು, ತೊಂದರೆಯ ಬಗೆ ನೋಡಿಕೊಂಡು, ಶೇಕಡಾ 70ರಿಂದ 92. ಲಕ್ಷ ಜನರಿಗೆ ಮುಕ್ಕಾಲು ಮನೋವೈದ್ಯರು, ಅಂದರೆ 0.75, ಅಂತ ಕೇಂದ್ರದ 2023-24ರ ಆರ್ಥಿಕ ಸಮೀಕ್ಷೆಯೇ ಹೇಳಿದೆ. ಖಾಸಗಿಯಲ್ಲಿ ಒಂದು ಸೆಷನ್ನಿಗೆ ಸಾವಿರಕ್ಕೂ ಮೇಲೆ ಕೊಡಬೇಕಾದ ನಗರದಲ್ಲಿ, ವಾರವಾರ ಹೋಗುವುದು ಎಷ್ಟು ಜನರ ಕೈಲಾಗುತ್ತದೆ? 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು.

ದುಡ್ಡು, ದೂರ, ನಾಚಿಕೆ. ಈ ಮೂರೂ ಸೇರಿ ಜನರನ್ನು ಈಗ ಚಾಟ್‌ಬಾಟ್ ಕಡೆಗೆ ತಳ್ಳುತ್ತಿವೆ. ರಾತ್ರಿ ಎರಡು ಗಂಟೆಗೂ ಅದು ಎಚ್ಚರವಿರುತ್ತದೆ. ಇದೂ ಹಳೇ ಕಥೆಯೇ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದು ಬಿಟ್ಟರೆ ಅದಕ್ಕೆ ಜಾಸ್ತಿ ಏನೂ ಬರುತ್ತಿರಲಿಲ್ಲ. ಅವರ ಕಾರ್ಯದರ್ಶಿ ಅದರ ಜೊತೆ ಎರಡು ಮಾತಾಡಿ, ಸ್ವಲ್ಪ ಹೊರಗೆ ಹೋಗ್ತೀರಾ ಅಂತ ವೈಜೆನ್‌ಬಾಮ್‌ರನ್ನೇ ಕೇಳಿದರು. ಅದು ಬರೀ ಯಂತ್ರ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಇವತ್ತಿನವು ಎಲೈಜಾಗಿಂತ ಸಾವಿರ ಪಾಲು ಚುರುಕು, ಕನ್ನಡವೂ ಬರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯ 2025ರಲ್ಲಿ ಎಐ ಥೆರಪಿಗೆ ಕಾನೂನಿನಿಂದಲೇ ತಡೆ ಹಾಕಿತು. ನಾನು ಅಷ್ಟು ದೂರ ಹೋಗಲಾರೆ. ಡೈರಿಯ ಹಾಗೆ ಬಳಸಿದರೆ ಅದರಿಂದ ಸಹಾಯವಾಗಬಹುದು. ನನ್ನ ತಕರಾರು ಒಂದೇ. ಅದು ಜಾಸ್ತಿ ಒಪ್ಪುತ್ತದೆ. 'ನಿಮಗೆ ಹಾಗನ್ನಿಸುವುದು ಸಹಜ' ಅನ್ನುತ್ತದೆ. ಬೆತ್ತದ ಕುರ್ಚಿಯ ಆಕೆ ನನಗೆ ಹಾಗನ್ನಲಿಲ್ಲ. ಸುಮ್ಮನೆ ಕೂತಿದ್ದರು. ನಾನು ನಕ್ಕು ವಿಷಯ ತೇಲಿಸಿದಾಗ ಅವರು ನಗಲಿಲ್ಲ. ಆ ನಗದಿರುವಿಕೆಯಿಂದಲೇ ನನಗೆ ಎಷ್ಟೋ ಗೊತ್ತಾಯಿತು.

ಅಪ್ಪ ಈಗಿಲ್ಲ. ಗೃಹಪ್ರವೇಶದ ಮಾತನ್ನು ನಾನು ಅವರ ಮುಂದೆ ಎತ್ತಲೇ ಇಲ್ಲ, ಅದು ಬೇರೆ ಕಥೆ. ಹೋದ ತಿಂಗಳು ಫೋನಿನಲ್ಲಿ ಅಮ್ಮ 'ಯಾಕೋ ಬೇಜಾರು ಕಣೋ' ಅಂದರು. ಪೇಟೆಗೆ ಹೋಗಿ ಬಾ, ದೇವಸ್ಥಾನಕ್ಕೆ ಹೋಗಿ ಬಾ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು, 'ಯಾವ ಬೇಜಾರಮ್ಮಾ?' ಅಂತ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕುಕ್ಕರ್ ಒಂದು ಸಲ ಕೂಗಿತು.

'ನಾಲ್ಕು ಗಂಟೆದು' ಅಂದರು. 'ಕಾಫಿ ಹೊತ್ತಿಂದು. ಲೋಟ ಇನ್ನೂ ಎರಡೇ ತೆಗೀತೀನಿ.'